ಮೊಣಕಾಲು ಜಾರಿದರೆ ಅದು ಬರೀ ಉಳುಕಲ್ಲ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಈಗ ಟರ್ಫ್‌ಗಳ ಲೈಟ್ ಆರುವುದು ಮಧ್ಯರಾತ್ರಿಯ ಹೊತ್ತಿಗೆ. ದಿನವಿಡೀ ಅಂಗಡಿಯಲ್ಲಿ ನಿಂತವರು, ರಜೆಯಲ್ಲಿ ಗಲ್ಫ್‌ನಿಂದ ಬಂದವರು, ಕಾಲೇಜು ಹುಡುಗರು ಶೂ ಕಟ್ಟಿ ನೇರ ಆಟಕ್ಕೆ ಇಳಿಯುತ್ತಾರೆ. ಓಡುತ್ತಾ ಒಮ್ಮೆಲೇ ತಿರುಗುವಾಗ ಮೊಣಕಾಲಿನೊಳಗೆ 'ಟಪ್' ಅಂತ ಸದ್ದು, ಸ್ವಲ್ಪ ಹೊತ್ತಿನಲ್ಲೇ ಊತ. ಎಣ್ಣೆ ಉಜ್ಜಿ ಪಟ್ಟಿ ಕಟ್ಟಿದರೆ ಕೆಲವು ವಾರಕ್ಕೆ ನೋವು ಇಳಿಯುತ್ತದೆ. ಹುಡುಗ ಮತ್ತೆ ಮೈದಾನಕ್ಕೆ. ತಪ್ಪುವುದು ಇಲ್ಲೇ.

ನೋವು ಹೋಯಿತು ಅಂದರೆ ಗುಣವಾಯಿತು ಅಂತಲ್ಲ. ತೊಡೆಯ ಮೂಳೆ ಮತ್ತು ಅದರ ಕೆಳಗಿನ ಮೂಳೆಯನ್ನು ಹಿಡಿದಿಡುವ ಹಗ್ಗದಂಥ ಲಿಗಮೆಂಟ್‌ಗಳಲ್ಲಿ ಎಸಿಎಲ್ ಮುಖ್ಯವಾದದ್ದು. ಅದು ಹರಿದರೆ ಮೆಟ್ಟಿಲಿಳಿಯುವಾಗ, ತಿರುಗುವಾಗ ಮೊಣಕಾಲು 'ಕೈಕೊಡುತ್ತದೆ'. ಪ್ರತಿಸಲ ಜಾರಿದಾಗಲೂ ಒಳಗಿನ ಮೆತ್ತೆಯಂಥ ಮೆನಿಸ್ಕಸ್ ಸವೆಯುವ, ಹರಿಯುವ ಅಪಾಯವಿದೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಮೂಳೆ ತಜ್ಞರ ಪರೀಕ್ಷೆ, ಬೇಕಿದ್ದರೆ ಎಂಆರ್‌ಐ ಮಾಡಿಸಬೇಕು.

2023ರ ಅಕ್ಟೋಬರ್‌ನಲ್ಲಿ ಉರುಗ್ವೆ ವಿರುದ್ಧದ ಪಂದ್ಯದಲ್ಲಿ ಇದೇ ಗಾಯವಾದ ನೇಮರ್ ಮತ್ತೆ ಆಡಿದ್ದು ಒಂದು ವರ್ಷದ ಬಳಿಕ. ರೋಡ್ರಿ 2024ರ ಬ್ಯಾಲನ್ ಡಿ'ಓರ್ ಪಡೆಯಲು ಊರುಗೋಲು ಹಿಡಿದೇ ವೇದಿಕೆಗೆ ಬಂದರು. ಪಕ್ಕದಲ್ಲೇ ಫಿಸಿಯೋ ಇರುವವರಿಗೇ ಇಷ್ಟು ಸಮಯ ಬೇಕಾದರೆ, ಮೂರು ತಿಂಗಳಲ್ಲಿ ಟೂರ್ನಿಗೆ ಇಳಿಯುವ ಹುಡುಗನ ಗತಿಯೇನು?

ಹಾಗಂತ ಎಲ್ಲರಿಗೂ ಆಪರೇಷನ್ ಬೇಕೆಂದಿಲ್ಲ. ಸ್ವೀಡನ್‌ನಲ್ಲಿ 121 ಯುವಕ ಯುವತಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಎರಡು ವರ್ಷದೊಳಗೆ ಆಪರೇಷನ್ ಬೇಕಾಗಲಿಲ್ಲ. ಆದರೆ ಕಾಲು ಪದೇ ಪದೇ ಜಾರುವವರಿಗೆ, ಮತ್ತೆ ಫುಟ್ಬಾಲ್ ಆಡಲೇಬೇಕು ಎನ್ನುವವರಿಗೆ ವೈದ್ಯರು ಸಾಮಾನ್ಯವಾಗಿ ಅದನ್ನೇ ಸೂಚಿಸುತ್ತಾರೆ. ಎರಡರಲ್ಲೂ ತೊಡೆಯ ಸ್ನಾಯು ಬಲಪಡಿಸುವ ಫಿಸಿಯೋಥೆರಪಿ ತಪ್ಪದು. ಆಪರೇಷನ್ ಆದವರು ಒಂಬತ್ತು ತಿಂಗಳಿಗೆ ಮೊದಲೇ ಆಟಕ್ಕೆ ಮರಳಿದರೆ ಮತ್ತೆ ಗಾಯವಾಗುವ ಸಾಧ್ಯತೆ ಹೆಚ್ಚು.

ಲೆಕ್ಕ ತಪ್ಪುವುದೂ ಇಲ್ಲೇ. ಆಪರೇಷನ್‌ಗೆ ವಾಟ್ಸಾಪ್ ಗ್ರೂಪಿನಲ್ಲಿ ಹಣ ಒಟ್ಟಾಗುತ್ತದೆ. ಆಮೇಲಿನ ಫಿಸಿಯೋಥೆರಪಿಗೆ, ಕೆಲಸವಿಲ್ಲದ ತಿಂಗಳುಗಳ ಮನೆ ಖರ್ಚಿಗೆ ಯಾರೂ ಕೇಳುವುದಿಲ್ಲ, ಹುಡುಗನೂ ನಾಚಿಕೆಯಿಂದ ಹೇಳುವುದಿಲ್ಲ. ಅರ್ಧಕ್ಕೆ ಬಿಟ್ಟ ಫಿಸಿಯೋಥೆರಪಿ ಎಂದರೆ ಅರ್ಧ ವ್ಯರ್ಥವಾದ ಆಪರೇಷನ್.

ತಡೆಯುವ ದಾರಿಗೆ ಖರ್ಚೇ ಇಲ್ಲ. ಫಿಫಾ ರೂಪಿಸಿದ '11 ಪ್ಲಸ್' ವಾರ್ಮ್‌ಅಪ್‌ಗೆ ಬೇಕಿರುವುದು 20 ನಿಮಿಷ. ವಾರಕ್ಕೆ ಎರಡು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿವೆ. ಕ್ಲಬ್‌ಗಳು ಟ್ರೋಫಿಯ ಎತ್ತರ ಒಂದಡಿ ಇಳಿಸಿ ಆ ಹಣವನ್ನು ಗಾಯಾಳು ನಿಧಿಗೆ ಹಾಕಲಿ. ಟೂರ್ನಿ ಮುಂದಿನ ವರ್ಷವೂ ಬರುತ್ತದೆ, ಆದರೆ ಮನೆ ನಡೆಸಬೇಕಾದವನ ಕಾಲು ಎರಡೇ.