ಕಾಣದ ದವಡೆ ಹಲ್ಲು

ಮುಂದಿನ ಹಲ್ಲೊಂದು ಬಿದ್ದರೆ ನಾಲ್ಕು ಜನರೆದುರು ನಗಲು ಸಂಕೋಚಪಡುವ ನಾವು, ದವಡೆ ಹಲ್ಲು ಕೀಳಿಸಿದಾಗ ನೋವು ತೊಲಗಿತೆಂದು ನಿಶ್ಚಿಂತರಾಗುತ್ತೇವೆ. ನಾಡಿನೆಲ್ಲೆಡೆ ಹೀಗೆಯೇ. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಮಾತನ್ನು ಇಲ್ಲಿ ವಿಶೇಷವಾಗಿ ಎತ್ತಿಕೊಳ್ಳಲು ಕಾರಣವುಂಟು. ಅದನ್ನು ಮುಂದೆ ಹೇಳುತ್ತೇವೆ.

ಮೊದಲ ದವಡೆ ಹಲ್ಲು ಹುಟ್ಟುವುದು ಸುಮಾರು ಆರನೆಯ ವಯಸ್ಸಿನಲ್ಲಿ. ಅದನ್ನು ಹಾಲುಹಲ್ಲೆಂದೇ ಭಾವಿಸಿ ಹುಳುಕಿಗೆ ಬಿಟ್ಟುಕೊಡುವ ತಾಯಿತಂದೆಯರಿದ್ದಾರೆ. ಅದು ಹೋದ ಬಳಿಕ ತೆರಪು ಇದ್ದಂತೆಯೇ ಇರದು. ಪಕ್ಕದ ಹಲ್ಲು ಅತ್ತ ವಾಲುತ್ತದೆ. ಎದುರು ಸಾಲಿನ ಹಲ್ಲು ತಡೆಯಿಲ್ಲದೆ ಹೊರಚಾಚುತ್ತದೆ. ಬೇರಿಲ್ಲದ ಎಲುಬು ಕ್ರಮೇಣ ಸವೆಯುತ್ತದೆ. ಹಿರಿಯರು ಕಾಳು ತರಕಾರಿಗಳನ್ನು ತೊರೆದು ಬರಿಯ ಗಂಜಿಗೆ ನಿಂತರೆ ಅದು ವಯಸ್ಸಿನ ದೋಷವೆಂದು ಎಣಿಸುತ್ತೇವೆ. ಎಷ್ಟೋ ವೇಳೆ ಅವರಿಗೆ ಅಗಿಯಲಾಗದಿರುವುದೇ ಕಾರಣ.

ಒಂದೇ ಹಲ್ಲು ಹೋದವರಿಗೆ ಇಂಪ್ಲಾಂಟ್ ಉತ್ತಮವೆಂಬುದು ನಮ್ಮ ಅಭಿಪ್ರಾಯ. ಬ್ರಿಜ್ ಕಟ್ಟಿಸಲು ಇಕ್ಕೆಲದ ಹಲ್ಲುಗಳನ್ನು ಅರೆಯಬೇಕು. ಅವು ಗಟ್ಟಿಯಾಗಿದ್ದರೆ ಹಾಗೆ ಮಾಡಿಸಲು ನಮಗೆ ಮನಸ್ಸೊಪ್ಪದು. ಇಂಪ್ಲಾಂಟಿನಲ್ಲಿ ಟೈಟಾನಿಯಂ ತಿರುಪನ್ನು ಎಲುಬಿನೊಳಗೆ ಕೂರಿಸಿ, ಎಲುಬು ಅದನ್ನು ಹಿಡಿದುಕೊಂಡ ಮೇಲೆ ಕ್ಯಾಪ್ ತೊಡಿಸುತ್ತಾರೆ. ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನೀಡಿದರು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು. ಖರ್ಚು ಹೆಚ್ಚೆಂಬುದನ್ನು ಮುಚ್ಚಿಡುವುದಿಲ್ಲ.

ಇನ್ನು ಮೊದಲು ಹೇಳಿದ ಕಾರಣ. ಈ ಮೂರೂ ತಾಲ್ಲೂಕುಗಳು ಅಡಿಕೆಯ ಸೀಮೆ. ಅಡಿಕೆ ಬೆಳೆದು ಬದುಕುವ ಕುಟುಂಬಗಳ ಶ್ರಮಕ್ಕೆ ನಮ್ಮ ಗೌರವವಿದೆ. ಆದರೆ ಬೆಳೆಯುವುದು ಬೇರೆ, ಹೊಗೆಸೊಪ್ಪಿನೊಡನೆ ಕೆನ್ನೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರ ವರದಿಯಲ್ಲಿ ಸಾರಿದೆ. ಬಹುಕಾಲ ಅಡಿಕೆ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಅಗಲವಾಗಿ ತೆರೆಯದಾಗುತ್ತದೆ. ಆಗ ಹಿಂದಿನ ದವಡೆಗೆ ಉಪಕರಣ ತಲುಪುವುದೇ ಕಷ್ಟ. ಹೇಗೋ ಕೂರಿಸಿದರೂ ತಂಬಾಕು ಬಿಡದವರ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಬಾಯಿಯಲ್ಲಿ ಸುತ್ತಲಿನ ಒಸಡು ಕೆಟ್ಟು ತಿರುಪು ಸಡಿಲವಾಗುವ ಭಯವುಂಟು. ಆದುದರಿಂದ ಮೊದಲು ಚಟ ಬಿಡಬೇಕು, ಆಮೇಲೆ ಹಣ ಹೊಂದಿಸಬೇಕು.

ಇಂಪ್ಲಾಂಟಿಗೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಸುಳ್ಯದಲ್ಲಿಯೇ ಕೆ.ವಿ.ಜಿ. ದಂತ ಮಹಾವಿದ್ಯಾಲಯವಿದೆ, ಅಲ್ಲಿಯಾಗಲಿ, ಊರಿನ ದಂತವೈದ್ಯರಲ್ಲಿಯಾಗಲಿ, ನೋಯುವ ದವಡೆ ಹಲ್ಲನ್ನು ಕೀಳಿಸುವ ಮುನ್ನ ರೂಟ್ ಕೆನಾಲ್ ಮಾಡಿದರೆ ಅದು ಉಳಿದೀತೇ ಎಂದು ವಿಚಾರಿಸಿರಿ.