ನಾಳಿನ ನಗರಗಳೂ ಕೃಷ್ಣೆಯ ದಡದ ಕನ್ನಡಿಗರೂ

ಭವಿಷ್ಯದ ನಗರವೊಂದನ್ನು ಕಟ್ಟಲು ತೆಲಂಗಾಣ ಸರಕಾರ ಹೊರಟಿದೆ. ಹೈದರಾಬಾದಿನ ದಕ್ಷಿಣಕ್ಕೆ, ಶ್ರೀಶೈಲಕ್ಕೂ ನಾಗಾರ್ಜುನಸಾಗರಕ್ಕೂ ಹೋಗುವ ಎರಡು ಹೆದ್ದಾರಿಗಳ ನಡುವೆ ಸುಮಾರು 30,000 ಎಕರೆ ಜಾಗದಲ್ಲಿ ಅದು ಮೇಲೇಳಲಿದೆಯಂತೆ. ಹೆಸರೇ ‘ಭಾರತ್ ಫ್ಯೂಚರ್ ಸಿಟಿ’. 2025ರ ಮಾರ್ಚಿನಲ್ಲಿ ಇದಕ್ಕಾಗಿ ಪ್ರಾಧಿಕಾರವೊಂದು ರಚನೆಯಾಗಿ, ರಂಗಾರೆಡ್ಡಿ ಜಿಲ್ಲೆಯ 7 ಮಂಡಲಗಳ 56 ಗ್ರಾಮಗಳು ಅದರ ವ್ಯಾಪ್ತಿಗೆ ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶವಿದೇಶಗಳ ಬಂಡವಾಳಗಾರರನ್ನು ಅಲ್ಲಿಗೇ ಕರೆಸಿ ಸಮ್ಮೇಳನವೂ ಜರುಗಿತು.

ಚಂದ್ರಗಿರಿಯ ದಡದಲ್ಲಿರುವ ನಮಗೆ ಇದರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಈ ನಗರದ ಕನಸು ಕಂಡ ಮುಖ್ಯಮಂತ್ರಿ ರೇವಂತ ರೆಡ್ಡಿಯವರು 2023ರಲ್ಲಿ ವಿಧಾನಸಭೆಗೆ ಆರಿಸಿಬಂದದ್ದು ಕೊಡಂಗಲ್ ಕ್ಷೇತ್ರದಿಂದ. ಆ ಕೊಡಂಗಲ್ 1956ರ ತನಕ ಗುಲ್ಬರ್ಗಾ ಜಿಲ್ಲೆಯ ಒಂದು ತಾಲೂಕಾಗಿತ್ತು. ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಅದೇ 1956ರ ನವೆಂಬರ್ 1ರಂದು ಈ ಮೂರೂ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಯ ಪಾಲಾದವು. ಮಕ್ತಲ್ ಮತ್ತು ನಾರಾಯಣಪೇಟೆ ಮೊದಲೇ ಆ ಜಿಲ್ಲೆಯಲ್ಲಿದ್ದವು. ಅವುಗಳಂಚಿನ ಕನ್ನಡ ಹಳ್ಳಿಗಳು ಇದ್ದಲ್ಲಿಯೇ ಉಳಿದವು. ನಮ್ಮ ವಿಷಯದಲ್ಲಾದರೋ 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ, ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರತಕ್ಕದ್ದೆಂದು ವರದಿಯನ್ನಾದರೂ ಕೊಟ್ಟಿತು. ಕೃಷ್ಣೆಯ ದಡದವರ ಕಥೆ ಆ ಆಯೋಗದ ಮುಂದೆ ಬರಲೇ ಇಲ್ಲ. ಇಂದು ಅವರ ಊರುಗಳು 2016ರಲ್ಲಿ ಆದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿಯೂ 2019ರಲ್ಲಿ ಆದ ನಾರಾಯಣಪೇಟೆ ಜಿಲ್ಲೆಯಲ್ಲಿಯೂ ಹಂಚಿಹೋಗಿವೆ. ಜಿಲ್ಲಾ ಕೇಂದ್ರವೆಂದರೆ ಕಚೇರಿ, ಕಚೇರಿಯೆಂದರೆ ರಸ್ತೆ, ರಸ್ತೆಯೆಂದರೆ ನಿವೇಶನ. ಈ ಪೇಟೆಗಳೂ ನಾಳೆ ನಗರಗಳಾಗುವವೇ. ಅವು ಎಂಥ ನಗರಗಳಾಗುತ್ತವೆ ಎಂಬುದೇ ನಮ್ಮ ಪ್ರಶ್ನೆ.

ಮುಂದಿನ ಕಾಲದ ನಗರದ ಬಗ್ಗೆ ಪ್ರಬಂಧ ಬರೆಯಿರೆಂದು ಹೈಸ್ಕೂಲಿನ ಮಕ್ಕಳಿಗೆ ಹೇಳಿನೋಡಿ. ಆಕಾಶಕ್ಕೆ ತಾಗುವ ಗಾಜಿನ ಮನೆ, ಹಾರುವ ಕಾರು, ಅಡಿಗೆ ಮಾಡುವ ಯಂತ್ರಮಾನವ! ಮಕ್ಕಳದ್ದು ತಪ್ಪಲ್ಲ, ಸರಕಾರಗಳು ಅಚ್ಚುಹಾಕಿಸುವ ಬಣ್ಣದ ಪುಸ್ತಿಕೆಗಳಲ್ಲೂ ಇರುವುದು ಅದೇ. ಆದರೆ ನಗರಗಳ ಭವಿಷ್ಯವನ್ನು ಗಂಭೀರವಾಗಿ ಚಿಂತಿಸಿದವರು ಹೀಗೆ ಚಿಂತಿಸಿದ್ದಿಲ್ಲ. ಇಂಗ್ಲೆಂಡಿನ ಎಬೆನೆಜರ್ ಹೊವಾರ್ಡ್ 1898ರಲ್ಲಿ ತಮ್ಮ ಉದ್ಯಾನ ನಗರದ ಯೋಜನೆಯನ್ನು ಪ್ರಕಟಿಸಿದರು. ಒಟ್ಟು 6,000 ಎಕರೆ. ಅದರಲ್ಲಿ ಪೇಟೆಗೆ 1,000 ಎಕರೆ, ಉಳಿದ 5,000 ಎಕರೆ ಸುತ್ತಲಿನ ಕೃಷಿಗೆ. ಜನಸಂಖ್ಯೆ 32,000. ಅದಕ್ಕಿಂತ ಹೆಚ್ಚಾದರೆ ಇದ್ದದ್ದನ್ನೇ ಊದಿಸಕೂಡದು, ಆಚೆಗೆ ಇನ್ನೊಂದು ಪೇಟೆ ಕಟ್ಟಿ ಎರಡಕ್ಕೂ ರೈಲು ಹಾಕಬೇಕು ಎಂಬುದು ಅವರ ವಾದ.

2011ರ ಜನಗಣತಿಯಲ್ಲಿ ನಾರಾಯಣಪೇಟೆಯ ಜನಸಂಖ್ಯೆ ಸುಮಾರು 42 ಸಾವಿರ, ಗದ್ವಾಲದ್ದು ಸುಮಾರು 63 ಸಾವಿರ. ಮಕ್ತಲ್ ಇವೆರಡಕ್ಕಿಂತ ಚಿಕ್ಕದು. ಸುತ್ತಲೂ ಹೊಲಗದ್ದೆಗಳು, ಮಗ್ಗುಲಲ್ಲಿ ಕೃಷ್ಣೆ. ಹೊವಾರ್ಡರು ಕಾಗದದ ಮೇಲೆ ವೃತ್ತ ಬರೆದು ತೋರಿಸಿದ ಅಳತೆಯ ಪೇಟೆಗಳು ಇಲ್ಲಿ ಹೆಚ್ಚುಕಡಿಮೆ ತಾವಾಗಿಯೇ ಬೆಳೆದು ನಿಂತಿವೆ. ರೈಲು ಸಹ ಬಂದಿದೆ. ಗದ್ವಾಲ-ರಾಯಚೂರು ಹಳಿ 2013ರಲ್ಲಿ ತೆರೆಯಿತು. ಮಕ್ತಲಿನ ಮೂಲಕ ಹಾಯುವ ಜಕ್ಲೇರು-ಕೃಷ್ಣಾ ನಡುವಿನ 37 ಕಿಲೋಮೀಟರ್ ಹಳಿ 2023ರ ಅಕ್ಟೋಬರ್ 1ರಂದು ಉದ್ಘಾಟನೆಗೊಂಡಿತು. 1997-98ರಲ್ಲಿ ಮಂಜೂರಾದ ಮಹಬೂಬನಗರ-ಮುನಿರಾಬಾದ್ ಮಾರ್ಗದ ತುಂಡು ಇದು; ಇಷ್ಟಕ್ಕೇ ಕಾಲು ಶತಮಾನ ಬೇಕಾಯಿತು. ಗಾಜಿನ ನಗರಕ್ಕೆ ಮಾತ್ರ ಇಷ್ಟು ತಾಳ್ಮೆಯಿಂದ ಕಾಯುವವರು ಯಾರೂ ಕಾಣುವುದಿಲ್ಲ.

ಈ ಪೇಟೆಗಳ ಜೀವಾಳ ಮಗ್ಗ. ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡು ಜಾತಿಯ ನೂಲನ್ನು ಮಗ್ಗದ ಮೇಲೆಯೇ ಬೆಸೆಯುವ ಕೈಚಳಕ ಅಲ್ಲಿನ ನೇಕಾರರದ್ದು. ನಾರಾಯಣಪೇಟೆಯ ಚೌಕುಳಿ ಸೀರೆಯಂತೂ ನಮ್ಮ ಮನೆಗಳ ಪೆಟ್ಟಿಗೆಯಲ್ಲಿಯೂ ಒಂದಾದರೂ ಇದ್ದೇ ಇರುತ್ತದೆ. ಶಿವಾಜಿಯ ಸೈನ್ಯದೊಡನೆ ಬಂದು ಅಲ್ಲಿಯೇ ನಿಂತ ನೇಕಾರರಿಂದ ಆ ಕಸುಬು ಬೆಳೆಯಿತೆಂಬ ಮಾತು ಆ ಕಡೆ ರೂಢಿಯಲ್ಲಿದೆ.

ಈಗ ಯೋಚಿಸಿರಿ. ನೆಲದಲ್ಲಿ ಗುಂಡಿ ತೋಡಿ ಹೂಡುವ ಮಗ್ಗವನ್ನು ನಾಲ್ಕನೆಯ ಮಹಡಿಗೆ ಒಯ್ಯುವುದು ಹೇಗೆ? ನೇಕಾರನಿಗೆ ಮನೆಯೇ ಕಾರ್ಖಾನೆ. ಹೆಂಡತಿ ಕಂಡಿಕೆ ಸುತ್ತುತ್ತಾಳೆ, ತಂದೆ ಹಾಸು ಜೋಡಿಸುತ್ತಾನೆ. ಹಾಸನ್ನು ಉದ್ದಕ್ಕೆ ಬಿಗಿದು ಗಂಜಿ ಹಚ್ಚಲು ಮನೆಯೆದುರಿನ ಬೀದಿ ಬೇಕು. ಆಧುನಿಕ ನಗರ ಯೋಜನೆಯ ಮೊದಲನೆಯ ಸೂತ್ರವೇ ವಾಸದ ವಲಯ ಬೇರೆ, ಕೈಗಾರಿಕೆಯ ವಲಯ ಬೇರೆ ಎಂಬುದು. ಈ ಸೂತ್ರವನ್ನು ನಾರಾಯಣಪೇಟೆಯ ನಕ್ಷೆಯ ಮೇಲೆ ಕಣ್ಣುಮುಚ್ಚಿ ಎಳೆದರೆ ಮಗ್ಗದ ಸದ್ದು ಅಡಗಲು ಬೇರೇನೂ ಬೇಕಾಗದು. 1914ರಲ್ಲಿ ಭಾರತಕ್ಕೆ ಬಂದು ಹತ್ತಾರು ಊರುಗಳನ್ನು ನಡೆದು ನೋಡಿದ ಪ್ಯಾಟ್ರಿಕ್ ಗೆಡ್ಡೆಸ್ ಇದನ್ನೇ ಎಚ್ಚರಿಸಿದ್ದರು. ಓಣಿಗಳನ್ನು ನೆಲಸಮ ಮಾಡಿ ಅಗಲ ರಸ್ತೆ ಹಾಕುವುದಕ್ಕಿಂತ, ಕೆಟ್ಟುಹೋದ ಒಂದೆರಡು ಮನೆಗಳನ್ನಷ್ಟೇ ತೆಗೆದು ಗಾಳಿಬೆಳಕು ಬರುವಂತೆ ಮಾಡಿ, ಕೆರೆಬಾವಿಗಳನ್ನು ಶುಚಿಯಾಗಿಡಿರಿ ಎಂಬುದು ಅವರ ಮತ. ಅಗ್ಗದ ಮದ್ದು, ಆದುದರಿಂದಲೇ ರುಚಿಸಲಿಲ್ಲವೋ ಏನೋ.

ನೀರಿನ ಮಾತು ಬಂದುದರಿಂದ ರಾಜೋಳಿಬಂಡದ ಕಾಲುವೆಯನ್ನು ನೆನೆಯದೆ ಮುಂದುವರಿಯಲಾಗದು. ತುಂಗಭದ್ರೆಗೆ ಅಡ್ಡಲಾದ ಈ ಒಡ್ಡು ಇರುವುದು ರಾಯಚೂರು ಜಿಲ್ಲೆಯಲ್ಲಿ. ಕಾಲುವೆಯ ಒಟ್ಟು ಉದ್ದ ಸುಮಾರು 143 ಕಿಲೋಮೀಟರ್. ಮೊದಲ 42 ಕಿಲೋಮೀಟರ್ ಕರ್ನಾಟಕದಲ್ಲಿ, ಉಳಿದುದೆಲ್ಲ ಈಗಿನ ತೆಲಂಗಾಣದಲ್ಲಿ. ಗದ್ವಾಲ ಮತ್ತು ಆಲಂಪುರ ಭಾಗದ 87,500 ಎಕರೆಗೆ ನೀರುಣ್ಣಿಸಬೇಕೆಂದು ಲೆಕ್ಕ. ಎಲ್ಲವೂ ಒಂದೇ ರಾಜ್ಯದಲ್ಲಿದ್ದ ಕಾಲದಲ್ಲಿ ಆರಂಭವಾದ ಕೆಲಸ. ನಡುವೆ ಗಡಿ ಬಿದ್ದ ಮೇಲೆ ಹೂಳು ತೆಗೆಯುವವರಾರು, ತೂಬು ಕಾಯುವವರಾರು ಎಂಬ ತಗಾದೆ ಹುಟ್ಟಿ, ಕಾಲುವೆಯ ಕೊನೆಯ ರೈತ ಲೆಕ್ಕದ ನೀರನ್ನು ಕಾಣಲಿಲ್ಲ. ನದಿಯಾಚೆ ಶಕ್ತಿನಗರದಲ್ಲಿ 1985ರಲ್ಲಿ ಹೊತ್ತಿಕೊಂಡ ಉಷ್ಣವಿದ್ಯುತ್ ಸ್ಥಾವರದ ಹೊಗೆ ಯಾವ ರಾಜ್ಯದ ಗಡಿಯನ್ನೂ ಕೇಳಿಕೊಂಡು ಹಾರುವುದಿಲ್ಲ. ರಾಯಚೂರು, ಮಕ್ತಲ್, ಗದ್ವಾಲಗಳನ್ನು ಒಂದೇ ನದಿಯ ನೆರೆಹೊರೆಯೆಂದು ಭಾವಿಸಿ ಒಟ್ಟಾಗಿ ಯೋಜಿಸುವ ಮಂಡಳಿಯೊಂದು ಬೇಡವೇ? ನಮ್ಮ ಅಭಿಪ್ರಾಯದಲ್ಲಿ 30,000 ಎಕರೆಯ ಹೊಸ ನಗರಕ್ಕಿಂತ ಇದು ಹೆಚ್ಚು ಭವಿಷ್ಯದ ಕೆಲಸ.

ಪಾಲಮೂರು ಕೂಲಿಯೆಂಬ ಮಾತನ್ನು ಕೇಳದವರಿಲ್ಲ. ಹಳೆಯ ಮಹಬೂಬನಗರ ಜಿಲ್ಲೆಯ ಬಡವರು ತಲೆಮಾರುಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳ ರಸ್ತೆ ಅಗೆದವರು, ದೇಶದ ಅಣೆಕಟ್ಟುಗಳಿಗೆ ಮಣ್ಣು ಹೊತ್ತವರು. ಇತರರ ನಗರಗಳನ್ನು ಕಟ್ಟಿದವರ ಊರಿಗೆ ಬಂದ ಕೈಗಾರಿಕೆಯಾದರೂ ಯಾವುದು? ನಾರಾಯಣಪೇಟೆ ಜಿಲ್ಲೆಯ ಚಿತ್ತನೂರಿನಲ್ಲಿ 2023ರಲ್ಲಿಯೂ ಗದ್ವಾಲ ಜಿಲ್ಲೆಯ ಪೆದ್ದ ಧನ್ವಾಡದಲ್ಲಿ 2025ರಲ್ಲಿಯೂ ಎಥೆನಾಲ್ ಕಾರ್ಖಾನೆ ಬೇಡವೆಂದು ಹಳ್ಳಿಯ ಜನ ಬೀದಿಗಿಳಿದರು. ದೊಡ್ಡ ನಗರಕ್ಕೆ ಗಾಜಿನ ಕಟ್ಟಡ, ಸಣ್ಣ ಪೇಟೆಯ ಮಗ್ಗುಲಿಗೆ ಕೊಳಚೆಯ ಭಯ. ಈ ಹಂಚಿಕೆ ನಮಗೆ ನ್ಯಾಯವಾಗಿ ಕಾಣಿಸುವುದಿಲ್ಲ.

ಇನ್ನು ಭಾಷೆ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಇವೆ. ಗದ್ವಾಲದ ಕಡೆ ಐಜದ ಹತ್ತಿರದ ಉತ್ತನೂರು ಹರಿದಾಸರಾದ ಗೋಪಾಲದಾಸರು ನೆಲೆಸಿದ ಊರು. ಅವರು ಹಾಡಿದ್ದು ಕನ್ನಡದಲ್ಲಿ. ತೆಲಂಗಾಣವು 2018ರಲ್ಲಿ ತೆಲುಗು ಕಲಿಕೆಯನ್ನು ಎಲ್ಲ ಶಾಲೆಗಳಲ್ಲಿ ಕಡ್ಡಾಯ ಮಾಡಿದೆ. 2017ರ ಮಲಯಾಳ ಕಡ್ಡಾಯದ ಕಾನೂನನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ. ಊರಿನ ಭಾಷೆ ಕಲಿಯಲು ನಮ್ಮ ತಕರಾರಿಲ್ಲ, ಮಕ್ಕಳು ಬಾಳಬೇಕಾದದ್ದು ಅಲ್ಲಿಯೇ. ತಕರಾರು ಬೇರೆ.

ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆಗಳ ಪ್ರಕಾರ, ಜಿಲ್ಲೆ, ತಾಲೂಕು, ಪುರಸಭೆಯಂಥ ಒಂದು ಪ್ರದೇಶದಲ್ಲಿ ಶೇಕಡಾ 15ರಷ್ಟು ಜನ ಒಂದು ಭಾಷೆಯವರಿದ್ದರೆ ಮುಖ್ಯ ಪ್ರಕಟಣೆಗಳು ಆ ಭಾಷೆಯಲ್ಲಿಯೂ ಬರತಕ್ಕದ್ದು. ಹಳ್ಳಿಯಲ್ಲಿ ನೂರಕ್ಕೆ ಎಂಬತ್ತು ಮಂದಿ ಕನ್ನಡಿಗರಿರಲಿ. ಆ ಹಳ್ಳಿಯನ್ನು ನಗರಸಭೆಗೆ, ನಗರಸಭೆಯನ್ನು ಪ್ರಾಧಿಕಾರಕ್ಕೆ ಸೇರಿಸುತ್ತ ಹೋದರೆ ಆ ಎಂಬತ್ತು ಎಂಟಾಗುತ್ತದೆ. ಒಬ್ಬನೂ ಊರು ಬಿಡಲಿಲ್ಲ, ಒಬ್ಬನೂ ಭಾಷೆ ಬಿಡಲಿಲ್ಲ, ಹಕ್ಕು ಮಾತ್ರ ಹೋಯಿತು! ನಗರ ಬೆಳೆಯುವ ರೀತಿಯಲ್ಲಿಯೇ ಈ ಅಪಾಯ ಅಡಗಿದೆ. ಚಳುವಳಿ ಹೂಡಲು ಎದುರಾಳಿಯೂ ಕಾಣಿಸುವುದಿಲ್ಲ.

ಹೆದ್ದಾರಿ ಅಗಲವಾಗಿ ಉಪ್ಪಳ, ಕುಂಬಳೆಗಳು ದಿನೇದಿನೇ ಬೆಳೆಯುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಅವು ಇನ್ನೂ ಪಂಚಾಯತಿನ ಊರುಗಳು. ನಾಳೆ ಅವಕ್ಕೂ ಪುರಸಭೆಯ ಪಟ್ಟ ಬರುವಾಗ ಎಲ್ಲೆಗಳನ್ನು ಹೇಗೆ ಎಳೆಯುತ್ತಾರೆ, ಕರಡು ನಕ್ಷೆಗೆ ಆಕ್ಷೇಪ ಕೇಳುವ ಪ್ರಕಟಣೆ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದನ್ನು ನಮ್ಮ ಪಂಚಾಯತು ಸದಸ್ಯರು ಈಗಲೇ ಕೇಳಿಡುವುದು ಒಳ್ಳೆಯದು. ಪುರಸಭೆಗಳೊಳಗೆ ವಾರ್ಡನ್ನೇ ಲೆಕ್ಕದ ಘಟಕವಾಗಿ ಹಿಡಿಯಬೇಕೆಂಬ ಬೇಡಿಕೆಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಬಹುದು. ಸಂವಿಧಾನದ 350-ಬಿ ವಿಧಿ ಆ ಅಧಿಕಾರಿಯನ್ನು ಇರಿಸಿರುವುದು ಇಂಥ ಕೆಲಸಕ್ಕಾಗಿಯೇ. ಆ ಅರ್ಜಿಯನ್ನು ಕಾಸರಗೋಡಿನವರೂ ಕೃಷ್ಣಾ ಮಂಡಲದವರೂ ಒಂದೇ ಹಾಳೆಯ ಮೇಲೆ ರುಜು ಹಾಕಿ ಕಳುಹಿಸುವುದಾದರೆ, ಮಂಗಳೂರಿನಿಂದ ಹೊರಟು ರಾಯಚೂರಿನಲ್ಲಿಳಿದು ನದಿ ದಾಟಿ ಹೋಗಿ ಅವರ ಸಹಿ ತರಲು ನಮ್ಮಲ್ಲಿ ಕೆಲವರು ತಯಾರಿದ್ದೇವೆ.