ಬೀಗ ಹಾಕಿ, ಬೀಗದಕೈ ಬಾಗಿಲಲ್ಲೇ ನೇತುಹಾಕಿದರೆ?

ಹೋದ ವಾರ ಎರಡು ರಾತ್ರಿ ನಿದ್ದೆ ಕೆಡಿಸಿದ ಒಂದು ಬಗ್ ಕಥೆ ಇದು. ಕೋಡ್ ಬರೆಯದವರೂ ಓದಬಹುದು, ಭಯ ಬೇಡ :-)

ಟೋಕನ್ ಕೊಡುವ ಸಣ್ಣ ಪ್ರೋಗ್ರಾಮ್. ಕೊನೆಗೆ ಕೊಟ್ಟ ನಂಬರು ಒಂದು ವೇರಿಯಬಲ್‌ನಲ್ಲಿ, ಅದನ್ನು ಹಂಚಿಕೊಂಡ ಥ್ರೆಡ್‌ಗಳು ಹತ್ತಾರು. ವೇರಿಯಬಲ್ ಪ್ರೈವೇಟ್. ಓದಲು ಗೆಟರ್, ಬದಲಿಸಲು ಸೆಟರ್, ಎರಡೂ ಸಿಂಕ್ರೊನೈಸ್ಡ್. ಕಾಲೇಜಿನಲ್ಲಿ ಹೇಳಿಕೊಟ್ಟ ಹಾಗೇ ಇದೆ. ಬರೆದವನು ನಾನೇ! ಆದರೂ ಒಂದೇ ನಂಬರು ಇಬ್ಬರಿಗೆ ಸಿಕ್ಕಿತ್ತು.

ಆಗಿದ್ದಿಷ್ಟೆ. ಒಂದು ಥ್ರೆಡ್ ಗೆಟರ್ ಕರೆದು 41 ಎಂದು ಓದಿತು. ಅದಕ್ಕೆ ಒಂದು ಕೂಡಿಸಿ ಸೆಟರ್‌ಗೆ ಕೊಡುವಷ್ಟರಲ್ಲಿ ಇನ್ನೊಂದು ಥ್ರೆಡ್ಡೂ ಬಂದು 41 ಓದಿಕೊಂಡು ಹೋಯಿತು. ಎರಡೂ 42 ಬರೆದವು. ಗೆಟರ್‌ಗೆ ಬೀಗವಿದೆ, ಸೆಟರ್‌ಗೂ ಇದೆ, ನಡುವಿನ ಅಂಗಳ ಮಾತ್ರ ಬಟಾಬಯಲು...

ನಮ್ಮಜ್ಜಿ ಉಗ್ರಾಣದ ಬೀಗದಕೈಯನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ಅಕ್ಕಿ ಬೇಕೆಂದರೆ ತಾನೇ ಒಳಗೆ ಹೋಗಿ, ಸೇರಿನಲ್ಲಿ ಅಳೆದು ತಂದು, ಬೀಗ ಹಾಕಿಯೇ ಕೊಡುತ್ತಿದ್ದಳು. ಸೊಸೆಯಂದಿರಿಗೆ ಸಿಗುತ್ತಿದ್ದದ್ದು ಅಕ್ಕಿ, ಉಗ್ರಾಣವಲ್ಲ. ನಾನು ಮಾಡಿದ್ದು ಬೀಗ ಹಾಕಿ, ಊರಿಗೆಲ್ಲ ಕೀಲಿ ಹಂಚಿದ ಕೆಲಸ. ಎಕ್ಲಿಪ್ಸ್‌ನಂಥ ಸಾಧನಗಳು ನಾಲ್ಕು ಕ್ಲಿಕ್ಕಿಗೆ ಗೆಟರ್-ಸೆಟರ್ ಬರೆದುಕೊಡುತ್ತವೆ, ನಾವು ಅದನ್ನೇ ಎನ್‌ಕ್ಯಾಪ್ಸುಲೇಶನ್ ಅಂದುಕೊಂಡಿದ್ದೇವೆ. ಇಂಟರ್‌ವ್ಯೂಗಳಲ್ಲಿ ನಾನೂ ಅದೇ ಉತ್ತರ ಹೇಳಿ ಪಾಸಾದವನು!

ಹೊಸ ವಿಷಯವೇನಲ್ಲ ಇದು. ಹಂಚಿಕೊಂಡ ವೇರಿಯಬಲ್ಲೂ ಅದರ ಮೇಲಿನ ಕೆಲಸಗಳೂ ಒಂದೇ ಕಡೆ ಇರಲಿ, ಒಮ್ಮೆಗೆ ಒಬ್ಬರೇ ಒಳಗೆ ಬರಲಿ ಎಂಬ 'ಮಾನಿಟರ್' ಕಲ್ಪನೆಯನ್ನು ಬ್ರಿಂಚ್ ಹ್ಯಾನ್ಸನ್ 1973ರಲ್ಲಿ, ಹೋರ್ 1974ರಲ್ಲಿ ಬರೆದಿಟ್ಟಿದ್ದರು. ಜಾವಾ ಇದನ್ನು ಕಡ್ಡಾಯ ಮಾಡಲಿಲ್ಲವೆಂದು ಹ್ಯಾನ್ಸನ್ 1999ರಲ್ಲಿ ಒಂದು ಲೇಖನವನ್ನೇ ಬರೆದು ಸಿಡುಕಿದರು. ಆ ಸಿಡುಕು ನನಗೆ ಈಗ ಅರ್ಥವಾಗುತ್ತಿದೆ.

"ಒಂದು ನಂಬರಿಗೆ ಇಷ್ಟೆಲ್ಲ ಯಾಕೋ, ಅಟಾಮಿಕ್ಇಂಟಿಜರ್ ಹಾಕು" ಅಂದ ಪಕ್ಕದ ಸೀಟಿನ ಗೆಳೆಯ. ಒಂದೇ ನಂಬರಾದರೆ ಸರಿ. ನಮ್ಮದರಲ್ಲಿ ಟೋಕನ್ ನಂಬರಿನ ಜೊತೆಗೇ ಉಳಿದ ಟೋಕನ್‌ಗಳ ಲೆಕ್ಕವೂ ಬದಲಾಗಬೇಕು. ಎರಡೂ ಒಟ್ಟಿಗೇ ಆಗಬೇಕಾದರೆ ಅಜ್ಜಿಯೇ ಗತಿ.

ಕೊನೆಗೆ ಗೆಟರ್, ಸೆಟರ್ ಎರಡನ್ನೂ ಕಿತ್ತುಹಾಕಿ 'ಮುಂದಿನ ಟೋಕನ್ ಕೊಡು' ಎಂಬ ಒಂದೇ ಮೆಥಡ್ ಇಟ್ಟೆ. ತಕ್ಷಣ ಹನ್ನೊಂದು ಕಡೆ ಕಂಪೈಲ್ ಎರರ್. ಒಂದೊಂದನ್ನೇ ನೋಡುತ್ತಾ ಹೋದರೆ, ಒಂದು ಕಡೆ ಯಾರೋ ಟೆಸ್ಟಿಂಗಿಗೆಂದು ನಂಬರನ್ನು ಸೊನ್ನೆ ಮಾಡಿ, ಅಳಿಸುವುದನ್ನೇ ಮರೆತಿದ್ದರು.